ಮುಳ್ಳಿನ ಗಿಡದ ನೆರಳು: ಜನಪ್ರಿಯತಾವಾದವನ್ನು ಫ್ಯಾಸಿಸಂಗೆ ಹೋಲಿಸುವ ಬಗೆ

ಕಳೆದ ಲೆಂಟ್ ಕಾಲದಲ್ಲಿ ಸೋಲದೇವನಹಳ್ಳಿಯಲ್ಲಿ ಕೂಡಿದ ಒಂದು ಅಧ್ಯಯನ ಕೂಟದಲ್ಲಿ ನಾವು 1934ರ ಬಾರ್ಮೆನ್ ಘೋಷಣೆಯನ್ನು ಓದಿದೆವು. ಓದು ಮುಗಿದ ಮೇಲೆ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬರು ಸರಳವಾದ ಒಂದು ಪ್ರಶ್ನೆಯನ್ನು ಮುಂದಿಟ್ಟರು: ನಮ್ಮ ನಾಡಿನ ಸ್ಥಿತಿ ಅಂದಿನ ಜರ್ಮನಿಯ ಸ್ಥಿತಿಯಂತೆಯೇ ಇದೆಯೆ? ಇದ್ದರೆ ನಾವು ಸುಮ್ಮನೆ ಕುಳಿತು ಓದುತ್ತಿರುವುದೇಕೆ? ಇಲ್ಲದಿದ್ದರೆ ಈ ಘೋಷಣೆಯಿಂದ ನಮಗಾಗಬೇಕಾದದ್ದೇನು? ಕೂಟವು ಕೂಡಲೇ ಎರಡಾಯಿತು. ಜನರನ್ನು ಮರುಳು ಮಾಡುವ ಪ್ರತಿಯೊಬ್ಬ ನಾಯಕನೂ ಫ್ಯಾಸಿಸ್ಟನೇ ಎಂದು ಕೆಲವರು ವಾದಿಸಿದರು. ಚುನಾವಣೆ ನಡೆಯುತ್ತಿರುವಲ್ಲಿ, ಸರ್ಕಾರಗಳು ಬದಲಾಗುತ್ತಿರುವಲ್ಲಿ ಆ ಪದವನ್ನು ಬಳಸುವುದೇ ಅನ್ಯಾಯವೆಂದು ಉಳಿದವರು ಹೇಳಿದರು. ಇಬ್ಬರ ಮಾತಿನಲ್ಲೂ ಸತ್ಯಾಂಶವಿತ್ತು. ಆದರೆ ಯಾರ ಮಾತೂ ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಾಗಲಿಲ್ಲ. ಈ ಬರಹವು ಆ ಉತ್ತರದ ಹುಡುಕಾಟ. ಹೋಲಿಕೆಯು ನ್ಯಾಯವಾದದ್ದೇ, ಆದರೆ ನಾವು ಅದನ್ನು ತಪ್ಪು ಜಾಗದಲ್ಲಿ ಮಾಡುತ್ತಿದ್ದೇವೆ ಎಂಬುದು ನಮ್ಮ ನಿಲುವು.

1. ಪದಗಳ ಬೆಲೆ

ಮೊದಲು ಪದಗಳನ್ನು ತೂಗಿ ನೋಡಬೇಕು. ನಮ್ಮ ಪತ್ರಿಕೆಗಳಲ್ಲಿ 'ಜನಪ್ರಿಯ' ಎಂಬ ವಿಶೇಷಣವು ಸಾಮಾನ್ಯವಾಗಿ ಬಜೆಟ್ಟಿಗೋ ಅಕ್ಕಿ, ಸೀರೆ, ಸಾಲಮನ್ನಾ ಮೊದಲಾದ ಯೋಜನೆಗಳಿಗೋ ಅಂಟಿಕೊಂಡಿರುತ್ತದೆ. ಇಲ್ಲಿ ನಾವು ಜನಪ್ರಿಯತಾವಾದವೆಂದು ಹೇಳುವಾಗ ಆ ಅರ್ಥವನ್ನು ಬಿಟ್ಟಿದ್ದೇವೆ. ಹಸಿದವರಿಗೆ ಅಕ್ಕಿ ಕೊಡುವುದನ್ನು ದೋಷವೆಂದು ಕರೆಯುವ ಅಧಿಕಾರ ಸುವಾರ್ತೆಯನ್ನು ಸಾರುವವರಿಗಿಲ್ಲ. ಸಮಾಜವನ್ನು 'ನಿಜವಾದ ಜನ' ಮತ್ತು 'ಅವರನ್ನು ವಂಚಿಸಿದವರು' ಎಂದು ಎರಡಾಗಿ ಸೀಳಿ, ಆ ನಿಜವಾದ ಜನರ ದನಿ ನಾನೊಬ್ಬನೇ ಎಂದು ಒಬ್ಬ ನಾಯಕನೋ ಒಂದು ಚಳವಳಿಯೋ ಹಕ್ಕು ಸಾಧಿಸುವ ರಾಜಕಾರಣಕ್ಕೆ ಈ ಹೆಸರನ್ನು ನಾವು ಮೀಸಲಿಟ್ಟಿದ್ದೇವೆ.

ಜನ ಮರುಳೋ ಜಾತ್ರೆ ಮರುಳೋ ಎಂಬ ಗಾದೆ ನಮ್ಮ ನುಡಿಯಲ್ಲಿ ಬೇರೂರಿದೆ. ಗುಂಪನ್ನು ಕಂಡೊಡನೆ ತುಟಿಯಂಚಿನಲ್ಲಿ ನಗುವ ಓದಿದವರ ಅಭ್ಯಾಸಕ್ಕೆ ಅದು ಒಳ್ಳೆಯ ಆಸರೆ. ದೈವಶಾಸ್ತ್ರಕ್ಕೆ ಆ ನಗು ಸಲ್ಲದು. ಮಾರ್ಕನ ಸುವಾರ್ತೆಯಲ್ಲಿ ಯೇಸು ಗುಂಪನ್ನು ನೋಡಿ ಕನಿಕರಪಟ್ಟನು. ಅವರು ಕುರುಬನಿಲ್ಲದ ಕುರಿಗಳಂತೆ ಅವನಿಗೆ ಕಂಡರು. ಕೊರಿಯಾದ ಮಿನ್‌ಜುಂಗ್ ದೈವಶಾಸ್ತ್ರಜ್ಞ ಆನ್ ಬ್ಯುಂಗ್‌ಮು ಮಾರ್ಕನು ಬಳಸುವ 'ಓಕ್ಲೋಸ್' ಎಂಬ ಗ್ರೀಕ್ ಪದದ ಮೇಲೆಯೇ ತಮ್ಮ ಚಿಂತನೆಯನ್ನು ಕಟ್ಟಿದರು. ಅದೇ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಅದೇ ಗುಂಪು ಬರಬ್ಬನನ್ನು ಬೇಡುತ್ತದೆ. ಅಲ್ಲಿ ಮಾರ್ಕನು ಒಂದು ವಿವರವನ್ನು ಮರೆಯದೆ ದಾಖಲಿಸುತ್ತಾನೆ: ಗುಂಪನ್ನು ಕೆರಳಿಸಿದವರು ಮಹಾಯಾಜಕರು. ಜನರ ಹಸಿವು ನಿಜ. ಅದನ್ನು ಯಾರು ಎತ್ತ ತಿರುಗಿಸುತ್ತಾರೆ ಎಂಬುದೇ ಪ್ರಶ್ನೆ.

2. ಪಟ್ಟಿಯಿಂದ ಹೋಲಿಸುವುದರ ದೋಷ

ಈ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಆಶ್ರಯಿಸುವುದು ಇಟಲಿಯ ಲೇಖಕ ಉಂಬರ್ಟೊ ಎಕೊ 1995ರಲ್ಲಿ ಮಂಡಿಸಿದ ಹದಿನಾಲ್ಕು ಲಕ್ಷಣಗಳ ಪಟ್ಟಿಯನ್ನು. ಸಂಪ್ರದಾಯದ ಆರಾಧನೆ, ಭಿನ್ನಾಭಿಪ್ರಾಯವನ್ನು ದ್ರೋಹವೆಂದು ಕಾಣುವುದು, ಸಂಚಿನ ಭೀತಿ ಮೊದಲಾದವು ಅದರಲ್ಲಿವೆ. ಬಾಲ್ಯದಲ್ಲಿ ಮುಸೊಲಿನಿಯ ಆಳ್ವಿಕೆಯನ್ನು ಉಂಡವನ ಪಟ್ಟಿಯಾದ್ದರಿಂದ ಅದಕ್ಕೆ ಗೌರವ ಸಲ್ಲಬೇಕು. ಆದರೆ ಪಟ್ಟಿಯ ಸ್ವಭಾವವೇ ಹಾಗೆ: ಹದಿನಾಲ್ಕರಲ್ಲಿ ನಾಲ್ಕೈದು ಲಕ್ಷಣಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಸಿಕ್ಕಿದವನು ಬೆರಳು ತೋರಿಸುತ್ತಾನೆ, ಆಪಾದಿತನು ಸಿಗದ ಹತ್ತನ್ನು ತೋರಿಸಿ ಬಿಡುಗಡೆ ಪಡೆಯುತ್ತಾನೆ.

ಇತಿಹಾಸಕಾರ ರಾಬರ್ಟ್ ಪ್ಯಾಕ್ಸ್‌ಟನ್ 2004ರ ತಮ್ಮ ಗ್ರಂಥದಲ್ಲಿ ಬೇರೊಂದು ದಾರಿ ಹಿಡಿದರು. ಫ್ಯಾಸಿಸ್ಟರು ಏನು ಹೇಳಿದರೆನ್ನುವುದಕ್ಕಿಂತ ಏನು ಮಾಡಿದರು, ಯಾರ ನೆರವಿನಿಂದ ಯಾವ ಹಂತದಲ್ಲಿ ಮುಂದೆ ಬಂದರು ಎಂಬುದನ್ನು ನೋಡಬೇಕೆಂಬುದು ಅವರ ವಿಧಾನ. ಮುಸೊಲಿನಿಯ ಕೂಟವು ಹುಟ್ಟಿದ್ದು 1919ರ ಮಾರ್ಚಿಯಲ್ಲಿ, ಮಿಲಾನ್ ನಗರದಲ್ಲಿ. ಅದೇ ವರ್ಷದ ಚುನಾವಣೆಯಲ್ಲಿ ಅದಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಪೋ ನದಿಯ ಬಯಲಿನ ಜಮೀನ್ದಾರರು ಕೂಲಿಕಾರರ ಸಂಘಗಳನ್ನು ಮುರಿಯಲು ಅದರ ಕಪ್ಪಂಗಿಯ ದಂಡುಗಳಿಗೆ ಹಣವೊದಗಿಸಿದ ಮೇಲೆ ಅದು ಬಲಿಯಿತು. 1922ರ ಅಕ್ಟೋಬರಿನಲ್ಲಿ ದೊರೆಯೇ ಮುಸೊಲಿನಿಯನ್ನು ಸರ್ಕಾರ ರಚಿಸಲು ಕರೆದನು. ಬಾಗಿಲು ಒಡೆದು ಬಂದವನಿಗಿಂತ ಬಾಗಿಲು ತೆರೆದವರ ಕಥೆ ಇಲ್ಲಿ ದೊಡ್ಡದು.

ಜನಪ್ರಿಯತಾವಾದದ ಬಗ್ಗೆ ಮೂರು ಅಭಿಪ್ರಾಯಗಳು ನಮಗೆ ಉಪಯುಕ್ತ. ಯಾನ್ ವೆರ್ನರ್ ಮ್ಯೂಲರ್ 2016ರಲ್ಲಿ ಬರೆದಂತೆ ಅದರ ತಿರುಳು ಬಹುತ್ವದ ನಿರಾಕರಣೆ: ನಮ್ಮನ್ನು ಒಪ್ಪದವನು ಜನರಲ್ಲೇ ಸೇರಿದವನಲ್ಲ. ಅರ್ನೆಸ್ಟೊ ಲಾಕ್ಲಾವ್ 2005ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ವಾದಿಸಿದ್ದರು: ಈಡೇರದ ಬೇಡಿಕೆಗಳನ್ನು ಒಂದು ಹೆಸರಿನಡಿ ಕೂಡಿಸಿ 'ಜನ'ವನ್ನು ಕಟ್ಟುವುದೇ ರಾಜಕಾರಣ, ಅದಿಲ್ಲದೆ ಬಡವರಿಗೆ ದನಿಯಿಲ್ಲ. ಅರ್ಜೆಂಟೀನಾ ಮೂಲದ ಇತಿಹಾಸಕಾರ ಫೆಡೆರಿಕೊ ಫಿಂಚೆಲ್‌ಸ್ಟೈನ್ 2017ರಲ್ಲಿ ಎರಡರ ವಂಶಾವಳಿಯನ್ನು ತೋರಿಸಿದರು: ಎರಡನೆಯ ಮಹಾಯುದ್ಧದಲ್ಲಿ ಫ್ಯಾಸಿಸಂ ಸೋತ ಮೇಲೆ ಪೆರೋನ್‌ನಂಥವರು ಅದರ ನಾಯಕಾರಾಧನೆಯನ್ನು ಉಳಿಸಿಕೊಂಡು, ಸರ್ವಾಧಿಕಾರವನ್ನೂ ಹಿಂಸೆಯ ವೈಭವೀಕರಣವನ್ನೂ ಬಿಟ್ಟು, ಮತಪೆಟ್ಟಿಗೆಯ ಒಳಗೆ ತಂದು ಕೂರಿಸಿದರು. ಆದ್ದರಿಂದ ಎರಡೂ ಒಂದೇ ಅಲ್ಲ, ಅಪರಿಚಿತರೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ಹಾದಿಯಿದೆ. ಆ ಹಾದಿಯಲ್ಲಿ ಎಲ್ಲಿದ್ದೇವೆಂದು ತಿಳಿಯುವ ಗುರುತುಗಲ್ಲುಗಳು ನಮಗೆ ಬೇಕು. ಅವುಗಳನ್ನು ನಾವು ಒಂದು ಹಳೆಯ ಕಥೆಯಲ್ಲಿ ಕಾಣುತ್ತೇವೆ.

3. ಶೆಕೆಮಿನ ನಾಲ್ಕು ಗುರುತುಗಳು

ನ್ಯಾಯಸ್ಥಾಪಕರ ಒಂಬತ್ತನೆಯ ಅಧ್ಯಾಯವನ್ನು ನಮ್ಮ ಪ್ರಸಂಗಪೀಠಗಳು ಅಪರೂಪಕ್ಕೆ ಮುಟ್ಟುತ್ತವೆ. ಗಿದ್ಯೋನನು ಅರಸನಾಗಲು ಒಪ್ಪದೆ ದೇವರೇ ನಿಮ್ಮನ್ನು ಆಳುವನೆಂದು ಹೇಳಿದವನು. ಅವನ ಮಗ ಅಬೀಮೆಲೆಕನು ತಾಯಿಯ ಊರಾದ ಶೆಕೆಮಿಗೆ ಹೋಗಿ ಎರಡು ಮಾತು ಆಡಿಸುತ್ತಾನೆ: ಎಪ್ಪತ್ತು ಮಂದಿ ಆಳುವುದಕ್ಕಿಂತ ಒಬ್ಬನು ಆಳುವುದು ಲೇಸು, ಆ ಒಬ್ಬನು ನಿಮ್ಮದೇ ಎಲುಬು, ನಿಮ್ಮದೇ ಮಾಂಸ. ಜನರ ಮನಸ್ಸು ಒಲಿಯುತ್ತದೆ. ಇಲ್ಲಿಯವರೆಗೆ ಇದು ಜನಪ್ರಿಯತಾವಾದ. ಇದಾದ ಮೇಲೆ ಊರಿನ ಹಿರಿಯರು ಬಾಳಬೆರೀತನ ಗುಡಿಯಿಂದ ಎಪ್ಪತ್ತು ಬೆಳ್ಳಿ ನಾಣ್ಯಗಳನ್ನು ತೆಗೆದುಕೊಡುತ್ತಾರೆ. ಆ ಹಣದಿಂದ ಅವನು ಪೋಕರಿಗಳ ದಂಡೊಂದನ್ನು ಕಟ್ಟಿಕೊಂಡು ಎಪ್ಪತ್ತು ಸಹೋದರರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಿಸುತ್ತಾನೆ. ಪಟ್ಟಾಭಿಷೇಕ ನಡೆಯುವುದು ಇದಾದ ಮೇಲೆ. ತಪ್ಪಿಸಿಕೊಂಡ ಕಿರಿಯ ಯೋತಾಮನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಮರಗಳ ಕಥೆಯನ್ನು ಸಾರಿ ಹೇಳಿ, ಪ್ರಾಣಭಯದಿಂದ ಓಡಿಹೋಗುತ್ತಾನೆ.

ಕಥೆಯು ನಾಲ್ಕು ಪ್ರಶ್ನೆಗಳನ್ನು ನಮ್ಮ ಕೈಗೆ ಕೊಡುತ್ತದೆ. ಮೊದಲನೆಯದು, 'ನಮ್ಮ ಎಲುಬು, ನಮ್ಮ ಮಾಂಸ' ಎಂಬ ಮಾತು ಯಾರನ್ನು ಹೊರಗಿಡುತ್ತದೆ? ನಡತೆಯಿಂದ ಹೊರಗಾದವನು ಮರಳಿ ಬರಬಹುದು, ಹುಟ್ಟಿನಿಂದಲೇ ಹೊರಗಾದವನಿಗೆ ಮರಳುವ ದಾರಿಯಿಲ್ಲ. ಎರಡನೆಯದು, ಕಾನೂನಿನ ಹೊರಗೆ ನಿಂತು ಕೆಲಸ ಮಾಡುವ ದಂಡೊಂದು ಇದೆಯೆ? ಮೂರನೆಯದು, ಗುಡಿಯ ಬೆಳ್ಳಿ ಎಲ್ಲಿಗೆ ಹೋಗುತ್ತಿದೆ? ಎಂದರೆ ಧರ್ಮವು ತನ್ನ ಹಣವನ್ನು, ಗೌರವವನ್ನು, ಮೌನವನ್ನು ಯಾರಿಗೆ ಸಾಲ ಕೊಡುತ್ತಿದೆ? ನಾಲ್ಕನೆಯದು, ಯೋತಾಮನು ಮಾತನಾಡಿ ಮನೆಗೆ ಮರಳಬಹುದೆ, ಮತ್ತು ಸಿಂಹಾಸನವು ರಕ್ತವಿಲ್ಲದೆ ತೆರವಾಗಬಹುದೆ?

4. ಕರ್ನಾಟಕದ ನಿದರ್ಶನ

ಈ ಪ್ರಶ್ನೆಗಳನ್ನು ನಮ್ಮ ನಾಡಿನ ನೆನಪಿಗೇ ಹಾಕಿ ನೋಡೋಣ. 1971ರಲ್ಲಿ ಗರೀಬಿ ಹಟಾವೋ ಎಂಬ ಕರೆಯೊಡನೆ ಇಂದಿರಾ ಗಾಂಧಿಯವರು ಅಭೂತಪೂರ್ವ ಬೆಂಬಲ ಪಡೆದರು. ಪಕ್ಷದ ಹಳೆಯ ಮುಖಂಡರನ್ನು ದಾಟಿ ನೇರವಾಗಿ ಜನರೊಡನೆ ಮಾತನಾಡುವ ಶೈಲಿ ಅವರದು. ಇಂದಿರೆಯೇ ಇಂಡಿಯಾ ಎಂದು ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಹೇಳುವಷ್ಟು ದೂರ ಅದು ಹೋಯಿತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನ, ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇಲ್ಲಿಯೇ ಬಂಧಿತರಾದರು. ಜಯಪ್ರಕಾಶ ನಾರಾಯಣರ ಬೆಂಬಲಿಗರು ಸರ್ಕಾರವನ್ನು ಫ್ಯಾಸಿಸ್ಟ್ ಎಂದರು. ಸರ್ಕಾರವೂ ಅದನ್ನು ಬೆಂಬಲಿಸಿದ ಭಾರತ ಕಮ್ಯುನಿಸ್ಟ್ ಪಕ್ಷವೂ ಜಯಪ್ರಕಾಶರ ಚಳವಳಿಯನ್ನೇ ಫ್ಯಾಸಿಸ್ಟ್ ಎಂದವು. ಒಂದೇ ಪದವನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಎಸೆದಾಗ ಅದು ವಿವೇಚನೆಯ ಸಾಧನವಾಗಿ ಉಳಿಯುವುದಿಲ್ಲ. ನಮ್ಮ ಅಧ್ಯಯನ ಕೂಟದಲ್ಲಿ ನಡೆದ ಜಗಳವು ಐವತ್ತು ವರ್ಷ ಹಳೆಯದು.

ಅದೇ ದಿನಗಳ ಕರ್ನಾಟಕಕ್ಕೆ ಇನ್ನೊಂದು ಮುಖವಿತ್ತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯನೆಂಬ ಮಾತು ನ್ಯಾಯಮಂಡಳಿಗಳ ಮುಂದೆ ಪಹಣಿಯಲ್ಲಿ ಬರೆಯಲ್ಪಟ್ಟ ಹೆಸರಾಗತೊಡಗಿತು. ಹಾವನೂರ ಆಯೋಗವು 1975ರಲ್ಲಿ ಹಿಂದುಳಿದ ವರ್ಗಗಳ ವರದಿಯನ್ನು ಒಪ್ಪಿಸಿತು. ದಕ್ಷಿಣ ಕನ್ನಡದಲ್ಲಿ ತಲೆತಲಾಂತರದಿಂದ ಗೇಣಿ ಅಳೆಯುತ್ತಿದ್ದವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವು. ಭೂಮಿ ಅವರಿಗೂ ಬಂದಿತು. ಉತ್ತರ ಭಾರತವು ಬಲವಂತದ ಸಂತಾನಹರಣ ಚಿಕಿತ್ಸೆಯ ನೆನಪಿನಲ್ಲಿ 1977ರಲ್ಲಿ ಕಾಂಗ್ರೆಸ್ಸನ್ನು ಕಿತ್ತೊಗೆದಾಗ ಕರ್ನಾಟಕವು ತನ್ನ 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಲೋಕಸಭೆಗೆ ಕಳಿಸಿತು. ಆ ಮತದಾರರನ್ನು ಮರುಳರೆನ್ನಬಹುದೆ? ತಮ್ಮ ಹೆಸರಿಗೆ ಬಂದ ಎರಡು ಎಕರೆಯನ್ನು ಅವರು ಕಣ್ಣಾರೆ ಕಂಡಿದ್ದರು.

ಆದರೆ ಅವರಲ್ಲಿ ಹೆಚ್ಚಿನವರಿಗೆ ಕಾಣದ ಒಂದು ಕೋಣೆಯೂ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿತ್ತು. 'ಸಂಸ್ಕಾರ' ಚಲನಚಿತ್ರದ ನಟಿ, ಲೋಹಿಯಾವಾದಿ, ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಅಲ್ಲಿ ಸುಮಾರು ಎಂಟು ತಿಂಗಳು ಇರಿಸಲಾಯಿತು. ಅವರಿಗೆ ತೀವ್ರವಾದ ಅಸ್ತಮಾ ಇತ್ತು. 1977ರ ಜನವರಿ 15ರಂದು ಅವರನ್ನು ಹೊರಗೆ ಬಿಟ್ಟರು. 18ರಂದು ಚುನಾವಣೆ ಘೋಷಣೆಯಾಯಿತು. 20ರಂದು ಅವರು ತೀರಿಕೊಂಡರು. ಅವರನ್ನು ಬಂಧಿಸಿದ್ದು ಬರೋಡಾ ಡೈನಮೈಟ್ ಪ್ರಕರಣದ ನಂಟಿನಿಂದ. ಆ ಪ್ರಕರಣದ ಮುಖ್ಯ ಆರೋಪಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಹದಿಹರೆಯದಲ್ಲಿ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಯಲ್ಲಿ ಗುರುದೀಕ್ಷೆಗಾಗಿ ಓದಿ ಅದನ್ನು ಬಿಟ್ಟು ಕಾರ್ಮಿಕ ಚಳವಳಿಗೆ ಹೋದವರು. ಅವರ ತಮ್ಮ ಲಾರೆನ್ಸ್ ಬೆಂಗಳೂರಿನಲ್ಲಿ ಪೊಲೀಸರ ವಶದಲ್ಲಿ ಚಿತ್ರಹಿಂಸೆಗೆ ಗುರಿಯಾದರು.

ಪಹಣಿಯಲ್ಲಿ ಬರೆದ ಹೆಸರು ಮತ್ತು ಜೈಲಿನ ಕೋಣೆ, ಎರಡೂ ನಿಜ. ಒಂದನ್ನು ಮಾತ್ರ ಹೇಳುವ ದೈವಶಾಸ್ತ್ರವು ಅರ್ಧ ಸುಳ್ಳನ್ನು ಹೇಳುತ್ತದೆ. ಇನ್ನು ನಾಲ್ಕು ಪ್ರಶ್ನೆಗಳಿಗೆ ಬರೋಣ. ಆ ಆಡಳಿತವು ವಿರೋಧಿಗಳನ್ನು ಹೊರಗಿಟ್ಟಿತು, ಆದರೆ ಹುಟ್ಟಿನ ಆಧಾರದ ಮೇಲೆ ಅಲ್ಲ. ಸಂಜಯ ಗಾಂಧಿಯವರ ಸುತ್ತಲ ಯುವಕರ ದರ್ಪವಿತ್ತು, ಆದರೆ ಹಿಂಸೆಯ ಬಹುಪಾಲು ಪೊಲೀಸರ ಮತ್ತು ಅಧಿಕಾರಿಗಳ ಕೈಯಿಂದ, ಕಾನೂನಿನ ಹೆಸರಿನಲ್ಲಿಯೇ ನಡೆಯಿತು. ಯೋತಾಮನಿಗೆ ಮಾತನಾಡುವ ಬೆಟ್ಟ ಉಳಿದಿರಲಿಲ್ಲ: ಪತ್ರಿಕೆಗಳ ಮೇಲೆ ಮುನ್‌ಸೆನ್ಸಾರ್ ಇತ್ತು, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಬಂಧಿತರ ಹೇಬಿಯಸ್ ಕಾರ್ಪಸ್ ಹಕ್ಕನ್ನೂ ಅಮಾನತಿನಲ್ಲಿಟ್ಟಿತು, ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಆದರೂ ಸಿಂಹಾಸನವು ಮತದಿಂದ ತೆರವಾಯಿತು, ಸೋತವರು ಹೊರಟುಹೋದರು. ಆದ್ದರಿಂದ ಅದನ್ನು ನಿರಂಕುಶತೆಗೆ ತಿರುಗಿದ ಜನಪ್ರಿಯತಾವಾದವೆಂದು ನಾವು ಕರೆಯುತ್ತೇವೆ. ಫ್ಯಾಸಿಸಂ ಎಂದು ಕರೆಯುವುದಿಲ್ಲ. ಇದು ಕ್ಷಮಾಪಣೆಯ ಮಾತಲ್ಲ. ಸ್ನೇಹಲತಾ ಅವರ ಸಾವನ್ನು ಸಾವೆನ್ನಲು ಅದಕ್ಕೆ ಕಾರಣವಾದ ಆಡಳಿತವು ಫ್ಯಾಸಿಸ್ಟ್ ಆಗಿರಲೇಬೇಕೆಂಬ ನಿಯಮವಿಲ್ಲ. ಅತಿ ಕೆಟ್ಟದ್ದಕ್ಕೆ ಮಾತ್ರ ಎದ್ದೇಳುತ್ತೇನೆನ್ನುವ ಮನಸ್ಸಾಕ್ಷಿಯು ಬಹಳ ತಡವಾಗಿ ಎದ್ದೇಳುತ್ತದೆ.

5. ಗುಡಿಯ ಬೆಳ್ಳಿ

ಮೂರನೆಯ ಪ್ರಶ್ನೆಯನ್ನು ನಾವು ಬೇಕೆಂದೇ ಉಳಿಸಿಕೊಂಡಿದ್ದೇವೆ, ಏಕೆಂದರೆ ಅದು ನಮ್ಮ ಮನೆಯ ಪ್ರಶ್ನೆ. ತುರ್ತುಪರಿಸ್ಥಿತಿಯ ಇಪ್ಪತ್ತೊಂದು ತಿಂಗಳಲ್ಲಿ ಭಾರತದ ಸಭೆಗಳ ನಾಯಕತ್ವವು ಬಹುಮಟ್ಟಿಗೆ ಮೌನವಾಗಿತ್ತು. ಎದ್ದು ಮಾತನಾಡಿದವರು ಬೆರಳೆಣಿಕೆಯಷ್ಟು. ಮಾರ್ ತೋಮಾ ಸಭೆಯ ಯೂಹಾನೋನ್ ಮಾರ್ ತೋಮಾ ಪ್ರಧಾನಮಂತ್ರಿಗೆ ಪತ್ರ ಬರೆದು ಪ್ರತಿಭಟಿಸಿದರು. ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು 1962ರಿಂದ 1975ರವರೆಗೆ ಮುನ್ನಡೆಸಿದ ಎಂ.ಎಂ. ಥಾಮಸ್ ಆ ಅವಧಿಯುದ್ದಕ್ಕೂ ಬರೆದರು. ಆ ಬರಹಗಳು 1979ರಲ್ಲಿ ಸಂಕಲನವಾಗಿ ಬಂದವು. ಅಭಿವೃದ್ಧಿ ಮತ್ತು ಸ್ವಾತಂತ್ರ್ಯವನ್ನು ಒಂದರ ಬೆಲೆಗೆ ಒಂದನ್ನು ಕೊಳ್ಳಬಹುದಾದ ಸರಕುಗಳಂತೆ ಕಾಣುವುದನ್ನು ಅವರು ಒಪ್ಪಲಿಲ್ಲ. ಸಾಮಾಜಿಕ ಕ್ರಾಂತಿಯಲ್ಲಿ ಕ್ರಿಸ್ತನ ಕೆಲಸವನ್ನು ಕಂಡವರೇ ಈ ಎಚ್ಚರವನ್ನೂ ಕೊಟ್ಟದ್ದು ಗಮನಾರ್ಹ.

ಉಳಿದವರು ಏಕೆ ಸುಮ್ಮನಿದ್ದರು? ಹೇಡಿತನವೆಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ನಮಗೆ ಯೋತಾಮನ ಕಥೆಯ ಒಳ್ಳೆಯ ಮರಗಳು ನೆನಪಾಗುತ್ತವೆ. ಎಣ್ಣೆಮರಕ್ಕೆ ತನ್ನ ಎಣ್ಣೆಯ ಚಿಂತೆ, ಅಂಜೂರಕ್ಕೆ ತನ್ನ ಸಿಹಿಹಣ್ಣಿನ ಚಿಂತೆ, ದ್ರಾಕ್ಷಾಲತೆಗೆ ತನ್ನ ರಸದ ಚಿಂತೆ. ನಮಗೂ ಆಸ್ಪತ್ರೆಗಳಿದ್ದವು, ಶಾಲೆಗಳಿದ್ದವು, ಹಾಸ್ಟೆಲುಗಳಿದ್ದವು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆಯೇ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಜಾರಿಗೆ ಬಂದಿತು. ಒಳ್ಳೆಯ ಫಲ ಕೊಡುತ್ತಿರುವ ಮರವು ತನ್ನ ಫಲಕ್ಕಾಗಿಯೇ ಸುಮ್ಮನಾಗುತ್ತದೆ. ಆ ಮರಗಳು ಕೆಟ್ಟವೆಂದು ಕಥೆಯು ಹೇಳುವುದಿಲ್ಲ. ಅವು ಸರಿದು ನಿಂತ ಜಾಗದಲ್ಲಿ ಮುಳ್ಳಿನ ಗಿಡವು ತನ್ನ ನೆರಳಿಗೆ ಬನ್ನಿರೆಂದು ಕರೆಯಿತೆಂದಷ್ಟೇ ಹೇಳುತ್ತದೆ. ಮುಳ್ಳಿನ ಗಿಡಕ್ಕೆ ನೆರಳೆಲ್ಲಿಂದ ಬರಬೇಕು?

ಪ್ರತಿರೋಧವೂ ಶಾಶ್ವತವಾದ ಪ್ರಮಾಣಪತ್ರವಲ್ಲ ಎಂಬುದನ್ನು ಇಲ್ಲಿಯೇ ಸೇರಿಸಬೇಕು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ಜೀವಂತ ಸುಟ್ಟಾಗ, ಅಲ್ಲಿಗೆ ಹೋಗಿಬಂದು ಅದರಲ್ಲಿ ಅಂತರರಾಷ್ಟ್ರೀಯ ಸಂಚನ್ನು ಕಂಡ ಕೇಂದ್ರ ಸಚಿವರ ತಂಡದಲ್ಲಿ ಜಾರ್ಜ್ ಫರ್ನಾಂಡಿಸರೂ ಇದ್ದರು. ಬೇಡಿ ತೊಟ್ಟು ನಿರಂಕುಶತೆಯನ್ನು ಎದುರಿಸಿದವರ ದೃಷ್ಟಿಯೂ ಅಧಿಕಾರದ ಪಕ್ಕದಲ್ಲಿ ಮಂಜಾಗಬಹುದು. ಡಾ. ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಎಚ್ಚರಿಕೆ ನಾಯಕರಿಗೂ ಅನುಯಾಯಿಗಳಿಗೂ ಸಮಾನವಾಗಿ ಸಲ್ಲುತ್ತದೆ: ಧರ್ಮದಲ್ಲಿ ಭಕ್ತಿಯು ಮೋಕ್ಷದ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಸರ್ವಾಧಿಕಾರದ ದಾರಿ.

6. ಸಿಂಹಾಸನ ಮತ್ತು ಬೀದಿ

ಹಾಗಾದರೆ ಇಂದಿನ ಸ್ಥಿತಿ? ನಮ್ಮ ಕೂಟದ ಎರಡೂ ಪಕ್ಷಗಳು ಮಾಡಿದ ತಪ್ಪು ಇಲ್ಲಿ ಸ್ಪಷ್ಟವಾಗುತ್ತದೆ. ಎರಡೂ ಸಿಂಹಾಸನವನ್ನೇ ನೋಡುತ್ತಿದ್ದವು. ನಾಯಕನ ಮಾತು ಹೇಗಿದೆ, ಚುನಾವಣೆ ನಡೆಯುತ್ತದೆಯೆ, ಅವನು ಸೋತರೆ ಇಳಿಯುವನೆ ಎಂಬುದಷ್ಟೇ ಅವುಗಳ ಚಿಂತೆ. ಆ ಅಳತೆಯಿಂದ ನೋಡಿದರೆ ಕರ್ನಾಟಕದಲ್ಲಿ ಸಿಂಹಾಸನಗಳು ಸಲೀಸಾಗಿ ಕೈಬದಲಾಗುತ್ತಿವೆ. 2023ರ ಮೇ ತಿಂಗಳಲ್ಲಿಯೂ ಹಾಗೆಯೇ ಆಯಿತು. ಆದರೆ ಶೆಕೆಮಿನ ಮೊದಲ ಮೂರು ಪ್ರಶ್ನೆಗಳು ಸಿಂಹಾಸನದ ಕಡೆಗೆ ನೋಡದೆ ಬೀದಿಯ ಕಡೆಗೆ ನೋಡುತ್ತವೆ.

2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದಲ್ಲಿ ಪವಿತ್ರ ಪ್ರಸಾದದ ಪೆಟ್ಟಿಗೆಯನ್ನು ಒಡೆದವರು ಯಾವ ಸಮವಸ್ತ್ರವನ್ನೂ ತೊಟ್ಟಿರಲಿಲ್ಲ. ಆ ದಿನಗಳಲ್ಲಿ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ನಡೆಯಿತು; ಪ್ರತಿಭಟಿಸಿದವರ ಮೇಲೆ ಪೊಲೀಸರ ಲಾಠಿಯೂ ಬಿತ್ತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ ಅಂತಿಮ ವರದಿ 2011ರಲ್ಲಿ ಬಂದಿತು. ಅದರ ನಿಷ್ಕರ್ಷೆಗಳನ್ನು ಕ್ರೈಸ್ತ ಸಂಘಟನೆಗಳು ಒಪ್ಪಲಿಲ್ಲ. 2022ರಲ್ಲಿ ಮತಾಂತರವನ್ನು ನಿಯಂತ್ರಿಸುವ ಕಾಯ್ದೆ ಬಂದಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟವು ಅದನ್ನು ಹಿಂತೆಗೆಯಲು ನಿರ್ಧರಿಸಿತು. ಕಾಯ್ದೆಯನ್ನು ತರುವುದೂ ತೆಗೆಯುವುದೂ ವಿಧಾನಸೌಧದ ಕೆಲಸ. ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಂತ ಗುಂಪಿಗೆ ತಾನೇ ಕಾನೂನೆಂಬ ನಂಬಿಕೆ ಒಮ್ಮೆ ಬಂದುಬಿಟ್ಟರೆ ಅದನ್ನು ತೆಗೆಯಲು ಸಂಪುಟದ ನಿರ್ಣಯ ಸಾಲದು.

ನಮ್ಮ ಸುತ್ತಲಿನದೇ ಇನ್ನೊಂದು ನೆನಪು. ಸೋಲದೇವನಹಳ್ಳಿ, ಚಿಕ್ಕಬಾಣಾವರ, ಹೆಸರಘಟ್ಟ ರಸ್ತೆಯ ಕಾಲೇಜುಗಳಲ್ಲಿ ಈಶಾನ್ಯ ರಾಜ್ಯಗಳ ಮಕ್ಕಳು ಓದುತ್ತಾರೆ. ನಮ್ಮ ಆರಾಧನೆಗಳಲ್ಲಿ ಅವರ ಗಿಟಾರಿನ ದನಿಯಿದೆ. 2012ರ ಆಗಸ್ಟಿನಲ್ಲಿ ಅಸ್ಸಾಮಿನ ಗಲಭೆಗಳ ಬೆನ್ನಿಗೆ ಮೊಬೈಲ್ ಸಂದೇಶಗಳಲ್ಲಿ ಹರಡಿದ ವದಂತಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರಿನ ರೈಲು ನಿಲ್ದಾಣದಿಂದ ಗುವಾಹಟಿಯ ರೈಲು ಹತ್ತಿದರು. ಯಾವ ನಾಯಕನೂ ಆಜ್ಞೆ ಹೊರಡಿಸಿರಲಿಲ್ಲ. ಸರ್ಕಾರವು ಹೋಗಬೇಡಿರೆಂದೇ ಕೇಳಿಕೊಂಡಿತು. ಆದರೂ ಅವರು ಹೋದರು, ಏಕೆಂದರೆ ಮು­ಖಚಹರೆಯೊಂದರಿಂದಲೇ ತಾವು ಈ ಊರಿನ ಎಲುಬೂ ಮಾಂಸವೂ ಅಲ್ಲವೆಂದು ಅವರಿಗೆ ಅದಕ್ಕಿಂತ ಮೊದಲೇ ಎಷ್ಟೋ ಸಾರಿ ತಿಳಿಸಲಾಗಿತ್ತು. ಅದು ಫ್ಯಾಸಿಸಂ ಅಲ್ಲ. ಅದು ಬೇರೂರಬಲ್ಲ ಮಣ್ಣು.

ಇದರಿಂದ ನಾವು ಮುಟ್ಟುವ ನಿರ್ಣಯವಿದು: ಸಿಂಹಾಸನವು ಚುನಾವಣೆಗೆ ಬಗ್ಗುವ ಜನಪ್ರಿಯತಾವಾದದ ಕೈಯಲ್ಲಿದ್ದಾಗಲೂ ಬೀದಿಯಲ್ಲಿ ಫ್ಯಾಸಿಸಂನ ಗುರುತುಗಳು ಇರಬಲ್ಲವು. ಸಿಂಹಾಸನವನ್ನು ನೋಡಿ 'ಹಿಟ್ಲರನು ಬಂದನು' ಎಂದು ಕೂಗುವವರು ಮುಂದಿನ ಚುನಾವಣೆಯಲ್ಲಿ ನಗೆಪಾಟಲಾಗುತ್ತಾರೆ. ಸಿಂಹಾಸನವನ್ನು ನೋಡಿ 'ಏನೂ ಆಗಿಲ್ಲ' ಎನ್ನುವವರು ನೆರೆಮನೆಯ ಒಡೆದ ಕಿಟಕಿಯನ್ನು ಕಾಣುವುದಿಲ್ಲ.

7. ಬಾರ್ಮೆನ್ನನ್ನು ಮತ್ತೆ ಓದುವುದು

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಮರಳಬಹುದು. 1934ರ ಮೇ ತಿಂಗಳ ಕೊನೆಯಲ್ಲಿ ಬಾರ್ಮೆನ್‌ನಲ್ಲಿ ಕೂಡಿದವರು, ಕಾರ್ಲ್ ಬಾರ್ತ್ ಮುಖ್ಯವಾಗಿ ರಚಿಸಿದ ಘೋಷಣೆಯಲ್ಲಿ, ಯೇಸು ಕ್ರಿಸ್ತನನ್ನಲ್ಲದೆ ಬೇರೆ ವ್ಯಕ್ತಿಯನ್ನೋ ಘಟನೆಯನ್ನೋ ದೇವರ ಪ್ರಕಟಣೆಯೆಂದು ಸಭೆಯು ಒಪ್ಪದೆಂದು ಸಾರಿದರು. ಅದು ಧೈರ್ಯದ ಮಾತು. ಆದರೆ ಅದು ಯೆಹೂದ್ಯರ ಹೆಸರೆತ್ತಲಿಲ್ಲ. ತಮ್ಮ ಕೊನೆಯ ವರ್ಷಗಳಲ್ಲಿ ಬಾರ್ತ್ ಸ್ವತಃ ಅದನ್ನು ತಮ್ಮ ದೋಷವೆಂದು ಒಪ್ಪಿಕೊಂಡರು. ಅದಕ್ಕೂ ಹಿಂದಿನ ವರ್ಷ, 1933ರ ಸೆಪ್ಟೆಂಬರಿನಲ್ಲಿ, ಪ್ರಷ್ಯಾದ ಸಭೆಯ ಸಿನೊಡ್ ಯೆಹೂದ್ಯ ಮೂಲದವರನ್ನು ಪಾಳಕಸೇವೆಯಿಂದ ಹೊರಗಿಡುವ ನಿಯಮವನ್ನು ಅಂಗೀಕರಿಸಿತ್ತು. ಬಾರ್ಮೆನ್ ನಮಗೆ ಕಲಿಸುವುದು ಅದರ ಧೈರ್ಯದಿಂದ ಎಷ್ಟೋ, ಅದರ ಮೌನದಿಂದಲೂ ಅಷ್ಟೇ. ಸಭೆಯ ಸ್ವಾತಂತ್ರ್ಯಕ್ಕಾಗಿ ಎದ್ದವರು ನೆರೆಯವನ ಪ್ರಾಣಕ್ಕಾಗಿ ಏಳದೆ ಹೋಗಬಹುದು.

ನಮ್ಮಲ್ಲಿಯೂ ಈ ಅಪಾಯವಿದೆ. ನಮ್ಮ ಆಲಯಗಳ ಮೇಲೆ ಕಲ್ಲು ಬಿದ್ದಾಗ ಮಾತ್ರ ಫ್ಯಾಸಿಸಂ ಎಂಬ ಪದ ನಮಗೆ ನೆನಪಾದರೆ ನಾವು ಅದನ್ನು ಅರಿತಿಲ್ಲ. ಸಭಾ ಚುನಾವಣೆಗಳಲ್ಲಿ 'ನಮ್ಮವರು' ಯಾರೆಂದು ಜಾತಿಯಿಂದ ಎಣಿಸುವಾಗ, ಮದುವೆಯ ಮಾತುಕತೆಯಲ್ಲಿ ದೀಕ್ಷಾಸ್ನಾನಕ್ಕಿಂತ ಕುಲವನ್ನು ಮುಂದಿಡುವಾಗ, ಶೆಕೆಮಿನ ಮೊದಲ ಮಾತನ್ನು ನಾವೇ ಆಡುತ್ತಿರುತ್ತೇವೆ. ಈ ಮಾತನ್ನು ಒಳಗೆ ಆಡುವ ಸಭೆಯು ಹೊರಗೆ ಅದನ್ನು ಖಂಡಿಸಿದರೆ ಕೇಳುವವರು ಯಾರು?

ಸೆಮಿನರಿಯಿಂದ ಹೊರಟು ಪಟ್ಟಣದಲ್ಲೋ ಹಳ್ಳಿಯಲ್ಲೋ ಪಾಳಕರಾಗುವವರಿಗೆ ನಾವು ಹೇಳಬಯಸುವುದಿಷ್ಟು. ಫ್ಯಾಸಿಸಂ ಎಂಬ ಪದವನ್ನು ಪ್ರಸಂಗಪೀಠದಿಂದ ಬೈಗುಳದಂತೆ ಬಳಸಬೇಡಿರಿ. ಬದಲಿಗೆ ನಿಮ್ಮ ಊರಿನಲ್ಲಿ ಆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಉತ್ತರವು ನಿಮ್ಮ ಸಭೆಯದಲ್ಲದ ಕುಟುಂಬವೊಂದರ ಬಾಗಿಲಿಗೆ ನಿಮ್ಮನ್ನು ಕರೆದೊಯ್ದರೆ, ಅಲ್ಲಿಗೆ ಹೋಗಿರಿ.

ಯೋಹಾನನ ಆರನೆಯ ಅಧ್ಯಾಯವು ಇಂಥ ಪಾಳಕನಿಗೆ ಮಾದರಿಯನ್ನು ಕೊಡುತ್ತದೆ. ಐದು ಸಾವಿರ ಮಂದಿಯ ಹಸಿವು ನಿಜವಾಗಿತ್ತು. ಯೇಸು ಅದನ್ನು ತಿರಸ್ಕರಿಸಲಿಲ್ಲ, ರೊಟ್ಟಿ ಮುರಿದು ಕೊಟ್ಟನು. ಉಂಡವರು ಬಲವಂತದಿಂದ ಅವನನ್ನು ಅರಸನನ್ನಾಗಿ ಮಾಡಲು ಬಂದಾಗ ಅವನು ಒಬ್ಬನೇ ಬೆಟ್ಟಕ್ಕೆ ಹೋದನು. ರೊಟ್ಟಿಯನ್ನು ಕೊಟ್ಟು ಕಿರೀಟವನ್ನು ಪಡೆಯುವುದು ಜನಪ್ರಿಯತಾವಾದದ ವ್ಯಾಪಾರ. ಕಿರೀಟಕ್ಕಾಗಿ ಸಹೋದರನ ರಕ್ತವನ್ನು ಸುರಿಸುವುದು ಫ್ಯಾಸಿಸಂನ ಯಾಗ. ರೊಟ್ಟಿಯನ್ನು ಕೊಟ್ಟು ಕಿರೀಟವನ್ನು ಬೇಡವೆಂದವನ ಹೆಸರಿನಲ್ಲಿ ನಾವು ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತೇವೆ. ಆ ರೊಟ್ಟಿಯ ಸುತ್ತ ಕೂಡುವವರಲ್ಲಿ ಎಲುಬಿನಿಂದ ನಮ್ಮವರು, ಎಲುಬಿನಿಂದ ಪರರು ಎಂಬ ಭೇದ ಉಳಿದಿದೆಯೆ ಎಂಬುದೇ ಆ ವಿದ್ಯಾರ್ಥಿಯ ಪ್ರಶ್ನೆಗೆ ನಾವು ಮೊದಲು ಒಪ್ಪಿಸಬೇಕಾದ ಲೆಕ್ಕ.